ಹಾಸನ ಸೀಮೆಯ ಕಪ್ಪೆಗಳು: ಬೆಟ್ಟ, ಮಳೆನೆರಳು ಮತ್ತು ತಳಿಭೇದ

ಪಶ್ಚಿಮಘಟ್ಟದ ಕಪ್ಪೆಗಳು ಹೇಗೆ ಕವಲೊಡೆದವು ಎಂಬ ಚರ್ಚೆ ಸಾಮಾನ್ಯವಾಗಿ ಪಾಲಕ್ಕಾಡ್ ಕಣಿವೆಯಿಂದ ಶುರುವಾಗುತ್ತದೆ. ಅದಕ್ಕೆ ಕಾರಣವೂ ಇದೆ. ಘಾಟಿಕ್ಸಾಲಸ್ ಎಂಬ ಮರಗಪ್ಪೆಗಳ ಕುಲದಲ್ಲಿ ವೇರಿಯಾಬಿಲಿಸ್ ನೀಲಗಿರಿಯದು, ಆ್ಯಸ್ಟೆರಾಪ್ಸ್ ಕಣಿವೆಯಾಚೆಯ ಪಳನಿ ಬೆಟ್ಟದ್ದು. ಇರುಳುಗಪ್ಪೆಗಳ ವಂಶಾವಳಿ ಕುರಿತು ವಾನ್ ಬಾಕ್ಸ್‌ಲೇರ್, ಎಸ್.ಡಿ. ಬಿಜು ಮೊದಲಾದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕವಲುಗಳು ಆಯಾ ಬೆಟ್ಟಸಾಲಿಗೆ ಸೀಮಿತವಾಗಿರುವುದು ಕಂಡುಬಂತು.

ಕಣಿವೆಯೇ ಗಡಿ ಎಂಬ ಈ ಅಳತೆಗೋಲು ಹಾಸನದಲ್ಲಿ ನಡೆಯದು. ಸಕಲೇಶಪುರ, ಹಾಸನ ಎರಡೂ 900 ಮೀಟರಿಗಿಂತ ಎತ್ತರದಲ್ಲಿವೆ. ನಡುವೆ ಪಾಲಕ್ಕಾಡಿನಂಥ ಕಣಿವೆಯಿಲ್ಲ. ಹೇಮಾವತಿ ಗೊರೂರು ದಾಟಿ ಹೊಳೆನರಸೀಪುರಕ್ಕೆ ಸಲೀಸಾಗಿ ಹರಿದು ಬರುತ್ತದೆ. ಇಲ್ಲಿ ಗಡಿ ಹಾಕಿರುವುದು ಮಳೆ. ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿ.ಮೀ. ದಾಟುವ ಮಳೆ ಚನ್ನರಾಯಪಟ್ಟಣ ತಲುಪುವಷ್ಟರಲ್ಲಿ 700ರ ಆಸುಪಾಸಿಗೆ ಇಳಿದಿರುತ್ತದೆ. ನಡುವಿನ ಅರಕಲಗೂಡಿನ ಪಡುವಣ ಅಂಚು ಅರೆಮಲೆನಾಡು, ಮೂಡಣ ಭಾಗ ಬಯಲು.

ಈ ಗಡಿ ಎಲ್ಲ ಕಪ್ಪೆಗೂ ಒಂದೇ ಅಲ್ಲ. ಪೊದೆಗಪ್ಪೆಗೆ ಗೊದಮೊಟ್ಟೆಯ ಹಂತವೇ ಇಲ್ಲ. ಎಲೆಯ ಮೇಲೋ ತರಗಿನಡಿಯೋ ಇಟ್ಟ ಮೊಟ್ಟೆಯ ಪಾರದರ್ಶಕ ಲೋಳೆಯೊಳಗೇ ಭ್ರೂಣಕ್ಕೆ ಕಾಲು ಮೂಡಿ, ಉಗುರಿಗಿಂತ ಸಣ್ಣ ಮರಿಗಪ್ಪೆ ಹೊರಬೀಳುತ್ತದೆ. ಅದಕ್ಕೆ ಕೆರೆ ಬೇಡ, ಆದರೆ ಗಾಳಿ ಒಣಗಬಾರದು. ಬಯಲಿನ ಬಿಲಗಪ್ಪೆಯದು ಬೇರೆ ಲೆಕ್ಕ: ಬೇಸಿಗೆಯಲ್ಲಿ ಮಣ್ಣೊಳಗೆ ಹುದುಗಿದ್ದು, ಮಳೆ ಬಿದ್ದೊಡನೆ ಎದ್ದು, ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ.

ಮಳೆಯ ಗಡಿ ನಿಂತಲ್ಲೇ ನಿಂತದ್ದೂ ಅಲ್ಲ. ನೀಲಗಿರಿಯ ಜೌಗುಮಣ್ಣಿನ ಇಂಗಾಲದ ಐಸೊಟೋಪುಗಳನ್ನು ಅಳೆದು ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಂತೆ, ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಮುಂಗಾರು ಸೊರಗಿ ಒಣಹವೆಯ ಹುಲ್ಲು ಹಬ್ಬಿತ್ತು. 10,000 ವರ್ಷಗಳ ಹಿಂದೆ ಮಳೆ ಮತ್ತೆ ಬಲವಾಗಿತ್ತು. ಹಾಸನದಲ್ಲೂ ಹಾಗೇ ಆಗಿದ್ದರೆ ಹಸಿ ಕಾಡು ಪಡುವಣ ಅಂಚಿನ ಬಿಸಿಲೆಯ ಕಡೆಗೆ ಸರಿದು, ಆಮೇಲೆ ಮೂಡಲಿಗೆ ಮರಳಿರಬೇಕು. ಆದರೆ ಪ್ರಭೇದಗಳ ಹುಟ್ಟನ್ನೇ ಈ ಹಿಮಯುಗದ ತಲೆಗೆ ಕಟ್ಟುವುದು ಆತುರ. ಅವುಗಳಲ್ಲಿ ಬಹುಪಾಲು ಬಹಳ ಹಳೆಯವು. ವಿಜಯಕುಮಾರ್, ಕಾರ್ತಿಕ್ ಶಂಕರ್ ಮತ್ತಿತರರು 2016ರಲ್ಲಿ ಪೊದೆಗಪ್ಪೆಗಳ ಕವಲಿಗೆ ಹಿಮಯುಗಗಳ ಜೊತೆಗೆ ಭೂರಚನೆ, ಪರಿಸರದ ಏರಿಳಿತಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಅದಕ್ಕೇ. ಹಿಮಯುಗದ ಗುರುತನ್ನು ಒಂದೇ ಪ್ರಭೇದದ ಒಳಗಿನ ತಳಿಭೇದದಲ್ಲಿ ಹುಡುಕುವುದು ಲೇಸು.

ಬಿಸಿಲೆಯಿಂದ ಚನ್ನರಾಯಪಟ್ಟಣದವರೆಗೆ ಒಂದೇ ಗೆರೆಯಲ್ಲಿ ಮಾದರಿ ತೆಗೆದರೆ, ಮಳೆಯೇ ಗಡಿ ಎಂಬ ವಾದ ನಿಜವಾದಲ್ಲಿ, ಪೊದೆಗಪ್ಪೆಯ ತಳಿವೈವಿಧ್ಯ ಪಡುವಲಲ್ಲಿ ಹೆಚ್ಚಿದ್ದು ಮೂಡಣ ಅಂಚಿನಲ್ಲಿ ತೆಳುವಾಗಬೇಕು. ಬಿಲಗಪ್ಪೆಯಲ್ಲಿ ಆ ಇಳಿಕೆ ಕಾಣಬಾರದು. ಎರಡರಲ್ಲೂ ಒಂದೇ ಜಾಗದಲ್ಲಿ ಬಿರುಕು ಕಂಡರೆ ಮಳೆಯ ವಾದ ಬಿಟ್ಟು, ಕಾಫಿತೋಟದ ನೆರಳು, ಗೊರೂರು ಜಲಾಶಯದ ಹಿನ್ನೀರುಗಳನ್ನು ಮೊದಲು ವಿಚಾರಿಸಬೇಕಾಗುತ್ತದೆ.