ಎಲ್ಡರ್‌ಬೆರಿಯಲ್ಲಿ ನಿಜಕ್ಕೂ ಏನಿದೆ? ಜಪಾನಿನ ನಿವಾತೊಕೊ ಗಿಡದ ಲೆಕ್ಕಾಚಾರ

ಚಳಿಗಾಲ ಶುರುವಾಯಿತೆಂದರೆ ಇಲ್ಲಿನ ಫಾರ್ಮಸಿ ಕೌಂಟರುಗಳಲ್ಲಿ ಎಲ್ಡರ್‌ಬೆರಿ ಸಿರಪ್ಪು, ಗಮ್ಮಿ, ಮಾತ್ರೆಗಳು ಸಾಲಾಗಿ ನಿಲ್ಲುತ್ತವೆ. ರೂಮಿನಲ್ಲಿ ಒಬ್ಬನಿಗೆ ಜ್ವರ ಬಂದರೆ ಉಳಿದವರಿಗೂ ಬರುವುದು ಖಾತ್ರಿ, ರಜೆ ಹಾಕಿದರೆ ಸಂಬಳಕ್ಕೆ ಹೊಡೆತ. ಹಾಗಾಗಿ ನಮ್ಮವರು ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಾರೆ, ತಪ್ಪೇನಿಲ್ಲ. ಆದರೆ ಎಲ್ಡರ್‌ಬೆರಿ ಅಂದರೆ ಒಂದೇ ಹಣ್ಣಲ್ಲ. ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಯೂರೋಪಿನ ಕಪ್ಪು ಜಾತಿ, ಸ್ಯಾಂಬುಕಸ್ ನೈಗ್ರಾ. ಜಪಾನಿನಲ್ಲಿ ಇದರ ಕೆಂಪು ಸಂಬಂಧಿ ಒಂದಿದೆ, ಹೆಸರು ನಿವಾತೊಕೊ. ಒಂದರ ಗುಣವನ್ನು ಇನ್ನೊಂದರ ಖಾತೆಗೆ ಬರೆದರೆ ಲೆಕ್ಕ ತಾಳೆಯಾಗುವುದಿಲ್ಲ.

ನಿವಾತೊಕೊ ಕಾಡಂಚಿನಲ್ಲಿ ಬೆಳೆಯುವ ಸಣ್ಣ ಮರ. ವಸಂತದಲ್ಲಿ ಕೆನೆಬಣ್ಣದ ಹೂಗೊಂಚಲು, ಬೇಸಿಗೆಯಲ್ಲಿ ಕಾಳುಮೆಣಸಿನಷ್ಟು ಗಾತ್ರದ ಕೆಂಪು ಹಣ್ಣು. ಇದರ ವೈಜ್ಞಾನಿಕ ಹೆಸರಿನಲ್ಲಿರುವ 'ಸೀಬೋಲ್ಡಿಯಾನಾ' ಎಂಬ ಪದ, 1823ರಿಂದ 1829ರವರೆಗೆ ನಾಗಸಾಕಿಯ ದೆಜಿಮಾದಲ್ಲಿದ್ದ ಜರ್ಮನ್ ವೈದ್ಯ ಸೀಬೋಲ್ಡ್ ನೆನಪಿನದು.

ಈ ಹಣ್ಣಿನ ಬಳಕೆ ಬಹಳ ಹಳೆಯದು. ಅಒಮೊರಿಯ ಸನ್ನಾಯಿ ಮಾರುಯಾಮದಲ್ಲಿ ಸುಮಾರು 5,900ರಿಂದ 4,200 ವರ್ಷಗಳ ಹಿಂದೆ ಜೋಮೊನ್ ಜನರ ದೊಡ್ಡ ಊರಿತ್ತು. ಅಲ್ಲಿ ಅಗೆದಾಗ ಎಲ್ಡರ್‌ಬೆರಿಯ ಬೀಜಗಳು ರಾಶಿರಾಶಿಯಾಗಿ ಸಿಕ್ಕವು, ಜೊತೆಗೆ ಹಣ್ಣುನೊಣದ ಕೋಶಗಳೂ. ಹಣ್ಣನ್ನು ಹುಳಿಬರಿಸಿ ಪಾನೀಯ ಮಾಡುತ್ತಿದ್ದಿರಬಹುದು ಎಂದು ಕೆಲವು ಸಂಶೋಧಕರ ಊಹೆ. ನಂತರದ ಕಾಲದ ಮನೆಮದ್ದಿನಲ್ಲಿ ಮಾತ್ರ ಹಣ್ಣಿಗಿಂತ ಕಡ್ಡಿಗೇ ಬೆಲೆ. ಜಪಾನಿ ಲಿಪಿಯಲ್ಲಿ ಈ ಮರದ ಹೆಸರನ್ನು 'ಎಲುಬು ಕೂಡಿಸುವ ಮರ' ಎಂಬರ್ಥದ ಅಕ್ಷರಗಳಲ್ಲಿ ಬರೆಯುತ್ತಾರೆ. ಮೂಳೆ ಮುರಿದಾಗ, ಉಳುಕಿದಾಗ ಇದರ ಪಟ್ಟು ಹಾಕುತ್ತಿದ್ದರು. ಎಳೆ ಚಿಗುರನ್ನು ಹಿಟ್ಟಿನಲ್ಲಿ ಅದ್ದಿ ಕರಿದು ತಿನ್ನುವುದೂ ಉಂಟು, ನಮ್ಮ ಬಜ್ಜಿಯ ಹಾಗೆ. ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ.

ಲ್ಯಾಬಿನಲ್ಲಿ ನಿವಾತೊಕೊ ಹೆಸರು ಮಾಡಿದ್ದು ತೊಗಟೆಯಿಂದ. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಅದರಿಂದ ಲೆಕ್ಟಿನ್ ಎಂಬ ಪ್ರೋಟೀನ್ ಬೇರ್ಪಡಿಸಿದರು. ಮನುಷ್ಯರ ಫ್ಲೂ ವೈರಸ್ ನಮ್ಮ ಜೀವಕೋಶದ ಮೇಲೆ ಯಾವ ಸಕ್ಕರೆ ಅಂಶಕ್ಕೆ ಅಂಟುತ್ತದೋ, ಈ ಲೆಕ್ಟಿನ್ ಕೂಡ ಅದನ್ನೇ ಹುಡುಕಿ ಹಿಡಿಯುತ್ತದೆ. ಹಾಗಾಗಿ ಸಂಶೋಧಕರಿಗೆ ಇದೊಂದು ಗುರುತು ಹಚ್ಚುವ ಸಲಕರಣೆ. ಹಾಗಂತ ತೊಗಟೆ ಕುದಿಸಿ ಕುಡಿದರೆ ಫ್ಲೂ ಹೋಗುತ್ತದೆ ಅಂತಲ್ಲ. ಅದು ಔಷಧವಲ್ಲ, ಹೊಟ್ಟೆಗೆ ಒಳ್ಳೆಯದೂ ಅಲ್ಲ.

ಇನ್ನು ಹಣ್ಣಿನ ವಿಷಯ. ಕಪ್ಪು ಎಲ್ಡರ್‌ಬೆರಿಯ ಬಂಡವಾಳ ಆಂಥೋಸಯಾನಿನ್ ಎಂಬ ಬಣ್ಣದ ಅಂಶ, ಜೊತೆಗೆ ರುಟಿನ್, ಕ್ವೆರ್ಸೆಟಿನ್. ಕೆಂಪು ಹಣ್ಣಿನಲ್ಲಿ ಈ ಬಣ್ಣದ ಅಂಶ ಕಪ್ಪಿಗಿಂತ ಕಡಿಮೆ. ವಿಟಮಿನ್ ಸಿ 100 ಗ್ರಾಂ ಕಪ್ಪು ಹಣ್ಣಿನಲ್ಲಿ ಸುಮಾರು 36 ಮಿಲಿಗ್ರಾಂ. ಅಷ್ಟೇ ತೂಕದ ನಮ್ಮ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ದಾಟುತ್ತದೆ!

ಖರ್ಚಿನ ಕಾಲಮ್ಮೂ ಇದೆ. ಎಲ್ಡರ್ ಗಿಡಗಳ ಎಲೆ, ಕಡ್ಡಿ, ಬೀಜ, ಕಾಯಿಗಳಲ್ಲಿ ದೇಹದೊಳಗೆ ಸಯನೈಡ್ ಬಿಡುವ ಅಂಶಗಳಿವೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಹಸಿ ಹಣ್ಣನ್ನು ಎಲೆ, ಕಡ್ಡಿ ಸಮೇತ ಹಿಂಡಿ ರಸ ಕುಡಿದ 11 ಜನ ಅಸ್ವಸ್ಥರಾದರು, ಎಂಟು ಮಂದಿಯನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಜಪಾನಿಗೆ ಕೆಲಸಕ್ಕೋ ಪ್ರವಾಸಕ್ಕೋ ಹೋಗುವವರು ದಾರಿಬದಿಯ ಕೆಂಪು ಗೊಂಚಲನ್ನು ಕಿತ್ತು ಬಾಯಿಗೆ ಹಾಕಬೇಡಿ.

ಫ್ಲೂಗೆ ಪ್ರಯೋಜನ ಇದೆಯಾ ಅಂದರೆ ಉತ್ತರ ಇಬ್ಬಗೆ, ಅದೂ ಕಪ್ಪು ಜಾತಿಯ ಬಗ್ಗೆ ಮಾತ್ರ. 2004ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ 60 ರೋಗಿಗಳಿದ್ದರು, ಸಿರಪ್ ಕುಡಿದವರು ಸರಾಸರಿ ನಾಲ್ಕು ದಿನ ಬೇಗ ಚೇತರಿಸಿಕೊಂಡರು. 2016ರಲ್ಲಿ ಆಸ್ಟ್ರೇಲಿಯಾದಿಂದ ವಿಮಾನದಲ್ಲಿ ಹೊರಟ 312 ಪ್ರಯಾಣಿಕರ ಅಧ್ಯಯನ ಬಂತು: ಶೀತ ಬರುವುದು ನಿಲ್ಲಲಿಲ್ಲ, ಬಂದ ಶೀತ ಬೇಗ ವಾಸಿಯಾಯಿತು. 2020ರಲ್ಲಿ ಅಮೆರಿಕದ 87 ಫ್ಲೂ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಯಾವ ಲಾಭವೂ ಕಾಣಲಿಲ್ಲ. ಇಷ್ಟು ಸಣ್ಣ ಅಂಕಿಗಳನ್ನು ನಂಬಿ ಡಾಕ್ಟರ್ ಕೊಟ್ಟ ಮಾತ್ರೆ ಬಿಡುವುದು ಬೇಡ. ಶುಗರ್ ಇರುವವರು ಸಿರಪ್, ಗಮ್ಮಿಗಳ ಲೇಬಲ್ಲಿನಲ್ಲಿ ಸಕ್ಕರೆ ಎಷ್ಟಿದೆ ಅಂತ ಮೊದಲು ನೋಡಿ.

ಒಂದು ಸ್ವಾರಸ್ಯ ಹೇಳಲೇಬೇಕು. ಕಪ್ಪು ಎಲ್ಡರ್‌ಬೆರಿಯ ಮುಖ್ಯ ಬಣ್ಣಗಳಲ್ಲೊಂದು ಸಯಾನಿಡಿನ್-3-ಸ್ಯಾಂಬುಬಯೋಸೈಡ್. ಸ್ಯಾಂಬುಕಸ್ ಗಿಡದಿಂದಲೇ ಬಂದ ಹೆಸರು. ಅದೇ ವಸ್ತು ನಮ್ಮ ಕರಾವಳಿಯ ಪುನರ್ಪುಳಿ ಸಿಪ್ಪೆಯಲ್ಲೂ ಇದೆ. ಇಲ್ಲಿ ಪ್ರತಿ ಕಿರಾಣಿ ಅಂಗಡಿಯಲ್ಲಿ ಸಿಗುವ ಕರ್ಕಡೆ, ಅಂದರೆ ಕೆಂಪು ಪುಂಡಿ ಹೂವಿನ ಟೀಯಲ್ಲೂ ಇದೆ. ಊರಿಂದ ತಂದ ಪುನರ್ಪುಳಿ ಡಬ್ಬಿ ರೂಮಿನಲ್ಲಿದ್ದರೆ ಆ ಬಣ್ಣದ ಅಂಶಕ್ಕಾಗಿ ದುಬಾರಿ ಬಾಟಲಿ ಬೇಕಿಲ್ಲ. ಕರ್ಕಡೆ ಮಾತ್ರ ಬಿಪಿಯನ್ನು ಸ್ವಲ್ಪ ಇಳಿಸುತ್ತದೆ. ಬಿಪಿ ಮಾತ್ರೆ ತಗೊಳ್ಳುವವರು ದಿನಾ ಕುಡಿಯುವುದಾದರೆ ಡಾಕ್ಟರಿಗೆ ಒಂದು ಮಾತು ಹೇಳಿ.