ಮೂರು ಗಂಟೆಯ ದ್ವೀಪ

ಅಮೆರಿಕದಲ್ಲಿರುವ ನಮ್ಮಕ್ಕನ ಮಗಳು ಒಂದು ರಾತ್ರಿ ಫೋನು ಮಾಡಿದಳು. ಗಂಡ ಮಕ್ಕಳ ಜೊತೆ ಹಡಗಿನಲ್ಲಿ ಕೆರಿಬಿಯನ್ ಸಮುದ್ರದ ಪ್ರವಾಸ ಹೊರಟಿದ್ದಳು.

"ಚಿಕ್ಕಮ್ಮ, ನಾಳೆ ನಮ್ಮ ಹಡಗು ಡೊಮಿನಿಕ ಅನ್ನೋ ದ್ವೀಪದಲ್ಲಿ ನಿಲ್ಲುತ್ತೆ. ಬೆಳಿಗ್ಗೆ ಇಳಿಸಿ ಸಾಯಂಕಾಲ ಹತ್ತಿಸಿಕೊಂಡು ಬಿಡ್ತಾರೆ. ಜಲಪಾತ ಅಂತೆ, ಬಿಸಿನೀರಿನ ಬುಗ್ಗೆ ಅಂತೆ, ತಿಮಿಂಗಿಲ ತೋರಿಸ್ತಾರಂತೆ, ಕಾಡಿನ ದಾರಿ ಅಂತೆ, ಹಳೇ ಬುಡಕಟ್ಟಿನವರ ಊರು ಅಂತೆ. ಒಂದಕ್ಕೆ ಹೋದ್ರೆ ಇನ್ನೊಂದು ಇಲ್ಲ. ಮನೇಲಿ ನಾಲ್ಕು ಜನ, ನಾಲ್ಕು ದಿಕ್ಕು. ನೀನೇ ಹೇಳು, ಯಾವುದು ನೋಡಲಿ?"

ನನಗೆ ನಗು ಬಂತು. ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದವಳನ್ನು ಸಮುದ್ರದಾಚೆಯ ದ್ವೀಪದ ವಿಚಾರ ಕೇಳಿದರೆ ನಾನೇನು ಹೇಳಲಿ? "ನಾಳೆ ಬೆಳಿಗ್ಗೆಯೊಳಗೆ ಹೇಳ್ತೀನಿ ಬಿಡು" ಎಂದು ಫೋನು ಇಟ್ಟೆ. ಆಮೇಲೆ ಅವರೆಕಾಯಿ ಮುಗಿಯುವ ಹೊತ್ತಿಗೆ ನೆನಪಾಯಿತು: ದ್ವೀಪದಲ್ಲಿ ಇಳಿದು, ಗಡಿಯಾರ ನೋಡಿಕೊಂಡು, ಯಾವುದನ್ನು ನೋಡುವುದು ಯಾವುದನ್ನು ಬಿಡುವುದು ಎಂದು ಜಗಳವಾಡಿದ ಅನುಭವ ನನಗೂ ಇದೆಯಲ್ಲ! ನಮ್ಮದು ಸಮುದ್ರದ ದ್ವೀಪವಲ್ಲ, ಹೊಳೆಯ ದ್ವೀಪ. ಶ್ರೀರಂಗಪಟ್ಟಣ.

ನಮ್ಮ ಬೀದಿಯ ಹದಿನಾಲ್ಕು ಜನ ಹೆಂಗಸರು ಸೇರಿ ಒಂದು ಶುಕ್ರವಾರ ವ್ಯಾನು ಮಾಡಿಕೊಂಡು ಹೊರಟಿದ್ದೆವು. ಪುಳಿಯೋಗರೆ, ಮೊಸರನ್ನ, ಒಂದು ಡಬ್ಬಿ ಚಕ್ಕುಲಿ. ಮೊದಲು ಶ್ರೀರಂಗಪಟ್ಟಣ, ಆಮೇಲೆ ಮೈಸೂರು, ಸಂಜೆಗೆ ಬೃಂದಾವನದ ದೀಪ. ಸೇತುವೆ ದಾಟಿದ ಕೂಡಲೆ ಡ್ರೈವರು ಹೇಳಿದ: "ಮೂರು ಗಂಟೆ ಟೈಮು ಅಮ್ಮಾ. ಆಮೇಲೆ ಚಾಮುಂಡಿ ಬೆಟ್ಟ ತಪ್ಪಿದ್ರೆ ನನ್ನ ಬಯ್ಯಬೇಡಿ."

ಅಲ್ಲಿಂದ ಶುರುವಾಯಿತು ನೋಡಿ. ನಿಮಿಷಾಂಬೆಯ ಕಡೆ ಆರು ಓಟು. ಹುಡುಗಿಯರಿಗೆ ಸಂಗಮದಲ್ಲಿ ಕಾಲು ಇಳಿಬಿಡಬೇಕು. ನಿವೃತ್ತ ಮೇಡಂ ಒಬ್ಬರಿಗೆ ದರಿಯಾ ದೌಲತ್ತಿನ ಚಿತ್ರಗಳೇ ಆಗಬೇಕು. ಇಬ್ಬರಿಗೆ ಎಲ್ಲಾದರೂ ಸರಿ, ನೆರಳಿರಬೇಕು. ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮಾತ್ರ ಸುಮ್ಮನೆ ಕುಳಿತಿದ್ದರು.

"ನಿಮಗೇನು ನೋಡಬೇಕು ದೊಡ್ಡಮ್ಮ?"

"ಮೂರು ಸಲ ಬಂದಿದೀನಿ ಈ ಊರಿಗೆ. ಮಾವನೋರ ಅಸ್ಥಿ, ಅತ್ತೇದು, ಆಮೇಲೆ ಯಜಮಾನರದು. ಗಂಡಸರು ನೀರಿಗಿಳೀತಿದ್ರು, ನಾನು ಪಶ್ಚಿಮವಾಹಿನಿ ದಂಡೆ ಮೇಲೆ ಬುತ್ತಿ ಕಾಯ್ತಾ ಕೂತಿರ್ತಿದ್ದೆ. ಊರು ನೋಡೇ ಇಲ್ಲ. ರಾಜರ ಹೆಂಗಸರು ಎಲ್ಲಿದ್ರು ಅದನ್ನ ತೋರಿಸಿ, ಸಾಕು."

ವ್ಯಾನಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಏಕೆಂದರೆ ಡ್ರೈವರು ಒಪ್ಪಿಸಿದ ಪಟ್ಟಿಯಲ್ಲಿ ಟಿಪ್ಪು ಬಿದ್ದ ಜಾಗವಿತ್ತು, ಇಂಗ್ಲಿಷ್ ಸೈನಿಕರ ಸೆರೆಮನೆಯಿತ್ತು, ಸಮಾಧಿಯಿತ್ತು, ಮಸೀದಿಯಿತ್ತು, ದೇವಸ್ಥಾನವಿತ್ತು. ಹೆಂಗಸರಿದ್ದ ಜಾಗ ಎಂಬುದೊಂದು ಇರಲಿಲ್ಲ.

ಕಾವೇರಿ ನಮ್ಮ ಕಡೆಯ ಚುಂಚನಕಟ್ಟೆಯಲ್ಲಿ ಧುಮುಕಿ, ಹಳೆಯ ಎಡತೊರೆಯ ಅರ್ಕೇಶ್ವರನ ಮಗ್ಗುಲಲ್ಲಿ ಹಾದು, ಕನ್ನಂಬಾಡಿಯ ಕಟ್ಟೆಯಲ್ಲಿ ತಂಗಿ, ಮುಂದೆ ಇಲ್ಲಿ ಎರಡು ಕವಲಾಗುತ್ತಾಳೆ. ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ನೆಲವನ್ನು ಎರಡೂ ತೋಳಿನಿಂದ ಬಳಸಿ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಕಬ್ಬು, ಭತ್ತ, ತೆಂಗು. ಕಣ್ಣು ಹಾಯಿಸಿದ ಕಡೆ ಹಸಿರು. ಇಷ್ಟು ಚಿಕ್ಕ ನೆಲಕ್ಕಾಗಿ ಎಷ್ಟು ಜನ ಹೊಡೆದಾಡಿದರು ಎಂದು ನೆನೆದರೆ ಆಶ್ಚರ್ಯವಾಗುತ್ತದೆ.

ಮೊದಲು ರಂಗನಾಥನ ಗುಡಿಗೇ ಹೋದೆವು. ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ, ಇವನು ಆದಿರಂಗ. ಮೂವರೂ ಕಾವೇರಿಯ ನಡುಗಡ್ಡೆಯಲ್ಲೇ ಮಲಗಿದವರು. ದೊಡ್ಡಮ್ಮ ರಂಗನಾಥನಿಗೆ ಕೈಮುಗಿದು, ರಂಗನಾಯಕಿಯ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಅವರಿಗೆ ಅಲಮೇಲಮ್ಮನ ಕತೆ ಗೊತ್ತಿತ್ತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಪಟ್ಟಣವನ್ನು ತೆಗೆದುಕೊಂಡರು. ಆ ವರ್ಷದಿಂದಲೇ ಮೈಸೂರು ಅರಸರ ದಸರಾ ಇಲ್ಲಿ ನಡೆಯತೊಡಗಿತು. ಸೋತವನ ಹೆಂಡತಿ ಅಲಮೇಲಮ್ಮನ ಬಳಿ ಒಳ್ಳೆಯ ಒಡವೆಗಳಿದ್ದವಂತೆ. ಮಂಗಳವಾರ, ಶುಕ್ರವಾರ ರಂಗನಾಯಕಿಗೆ ತೊಡಿಸಲು ಅವು ಗುಡಿಗೆ ಬರುತ್ತಿದ್ದವಂತೆ. ಒಡವೆ ಕೇಳಿ ರಾಜಭಟರು ಬೆನ್ನು ಹತ್ತಿದಾಗ ಮುತ್ತಿನ ಮೂಗುತಿಯೊಂದನ್ನು ಬಿಟ್ಟು, ಉಳಿದದ್ದನ್ನು ಮಡಿಲಿಗೆ ಕಟ್ಟಿಕೊಂಡು, ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿ ಕಾವೇರಿಗೆ ಹಾರಿದಳಂತೆ. ಕತೆ ನಿಜವೋ ಸುಳ್ಳೋ, ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ವಿಗ್ರಹವಿಟ್ಟು ಪೂಜಿಸುವುದಂತೂ ನಿಜ. ಗೆದ್ದ ವಂಶವೇ ಸೋತ ಹೆಣ್ಣಿಗೆ ಕೈಮುಗಿದದ್ದು ಬೇರೆಲ್ಲಿದೆಯೋ ನಾನು ಕಾಣೆ.

ಗುಡಿಯಿಂದ ಹೊರಗೆ ಬಂದು, "ಅರಮನೆ ಎಲ್ಲಪ್ಪಾ?" ಎಂದು ಅಲ್ಲಿದ್ದ ಗೈಡೊಬ್ಬನನ್ನು ಕೇಳಿದೆವು. ಅವನು ಹತ್ತಿರದ ಬಯಲಿನ ಕಡೆ ಕೈತೋರಿಸಿದ. "ಅದೇ ಅಮ್ಮಾ. ಏನೂ ಇಲ್ಲ, ಬರೀ ಅಡಿಪಾಯ. ಫೋಟೋ ತೆಗೆಯೋಕೂ ಏನಿಲ್ಲ. ದರಿಯಾ ದೌಲತ್ತಿಗೆ ಹೋಗಿ, ಚೆನ್ನಾಗಿದೆ."

ಅಲ್ಲಿತ್ತು ಲಾಲ್ ಮಹಲ್. 1799ರ ಮೇ 4ರಂದು ಮಧ್ಯಾಹ್ನ ಇಂಗ್ಲಿಷರ ಸೈನ್ಯ ಹೊಳೆ ದಾಟಿ ಒಡೆದ ಗೋಡೆಯಲ್ಲಿ ನುಗ್ಗಿತು. ಟಿಪ್ಪು ಕಾದಾಡುತ್ತಲೇ ಸತ್ತ. ಇಷ್ಟನ್ನು ಶಾಲೆಯ ಪುಸ್ತಕ ಹೇಳುತ್ತದೆ. ಆ ದಿನ ಅರಮನೆಯ ಒಳಗೆ ಹೈದರನ ಕಾಲದವರೂ ಟಿಪ್ಪುವಿನ ಕಾಲದವರೂ ಸೇರಿ ಆರುನೂರರಷ್ಟು ಹೆಂಗಸರಿದ್ದರು ಎಂಬುದನ್ನು ಅದು ಹೇಳುವುದಿಲ್ಲ. ಬೇಗಮರು, ದಾದಿಯರು, ಅಡುಗೆಯವರು, ಹಾಡುವವರು, ಎಲ್ಲೆಲ್ಲಿಂದಲೋ ಬಂದವರು, ತರಲ್ಪಟ್ಟವರು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನ ಕೋಟೆಗೆ ಕಳಿಸಿದರು. ಹೆಂಗಸರೂ ಅಲ್ಲಿಗೇ ಹೋಗಿ ಸೇರಬೇಕಾಯಿತು. ಅವರಲ್ಲಿ ಹೆಚ್ಚಿನವರು ಈ ಹೊಳೆಯನ್ನು ಮತ್ತೆ ನೋಡಿರಲಾರರು. ಅವರಿದ್ದ ಮನೆಯೂ ಉಳಿಯಲಿಲ್ಲ.

ಇದೇ ಪಟ್ಟಣದಲ್ಲಿ ಇನ್ನೊಬ್ಬಳು ಹೆಣ್ಣುಮಗಳು ಕಾಯುತ್ತಿದ್ದಳು. ರಾಣಿ ಲಕ್ಷ್ಮಮ್ಮಣ್ಣಿ. ಗಂಡ ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡರು. ಅಷ್ಟರಲ್ಲಾಗಲೇ ಅಧಿಕಾರ ಹೈದರನ ಕೈಯಲ್ಲಿತ್ತು. ಹೆಸರಿಗೆ ಅರಸರು, ಇರುವುದು ಕಾವಲಿನಲ್ಲಿ. ಆ ಕಾವಲಿನ ಒಳಗಿನಿಂದಲೇ ಈಕೆ ಪ್ರಧಾನ ತಿರುಮಲರಾಯರ ಮೂಲಕ 1782ರಲ್ಲಿ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಸಿದಳು. ಸಿಕ್ಕಿಬಿದ್ದಿದ್ದರೆ ತಲೆ ಉಳಿಯುತ್ತಿರಲಿಲ್ಲ. 1796ರಲ್ಲಿ ಹೆಸರಿನ ಅರಸರೂ ಹೋದ ಮೇಲೆ ಟಿಪ್ಪು ಇನ್ನೊಬ್ಬರನ್ನು ಕೂರಿಸಲಿಲ್ಲ. ರಾಜಮನೆತನವನ್ನು ಅರಮನೆಯಿಂದ ಹೊರಡಿಸಿ ಸಣ್ಣ ಮನೆಗೆ ಸಾಗಿಸಿದರು. ಅಲ್ಲಿ ತಾಯಿಯಿಲ್ಲದ ಮೊಮ್ಮಗನೊಬ್ಬನನ್ನು ಲಕ್ಷ್ಮಮ್ಮಣ್ಣಿ ಸಾಕಿದಳು. 1799ರ ಜೂನ್ 30ರಂದು ಐದು ವರ್ಷದ ಆ ಮಗು ಮುಮ್ಮಡಿ ಕೃಷ್ಣರಾಜ ಒಡೆಯರೆಂದು ಮೈಸೂರಿನಲ್ಲಿ ಪಟ್ಟಕ್ಕೆ ಬಂತು. ಮೂವತ್ತಮೂರು ವರ್ಷದ ಕಾಯುವಿಕೆ! ಇಂಗ್ಲಿಷರನ್ನು ನಂಬಿದ್ದು ಸರಿಯೇ ತಪ್ಪೇ ಎಂದು ಪಂಡಿತರು ವಾದಿಸಲಿ. ನನಗೆ ಕಾಣುವುದು ಕೋಣೆಯೊಳಗೆ ಮಗುವಿಗೆ ಅನ್ನ ಕಲಸುತ್ತ ಹೊರಗಿನ ಹೆಜ್ಜೆ ಸದ್ದಿಗೆ ಕಿವಿಗೊಟ್ಟ ಅಜ್ಜಿ. ಅರಮನೆಯ ಒಳಗೆ ಹೆದರಿ ಕುಳಿತವರೂ ಹೊರಗೆ ಕಾದು ಕುಳಿತವಳೂ ಕುಡಿದದ್ದು ಇದೇ ಕಾವೇರಿಯ ನೀರು.

ಇಷ್ಟೆಲ್ಲ ಆ ದಿನ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದುದನ್ನು ಮೇಡಂ ಹೇಳಿದರು, ಉಳಿದದ್ದನ್ನು ಆಮೇಲೆ ಓದಿಕೊಂಡೆ. ದೊಡ್ಡಮ್ಮ ಬಯಲಿನ ಅಂಚಿಗೆ ಹೋಗಿ ಒಂದು ಕಲ್ಲಿನ ಮೇಲೆ ಕುಳಿತರು. ಹತ್ತು ನಿಮಿಷ. "ಇಲ್ಲೇ ಇರ್ತಿದ್ರು ಅನ್ನು" ಎಂದರು. ಅಷ್ಟೆ. ಆ ಹತ್ತು ನಿಮಿಷಕ್ಕೆ ಗುಂಬಜ್ ನಮ್ಮ ಕೈತಪ್ಪಿತು. ದರಿಯಾ ದೌಲತ್ತಿನಲ್ಲಿ ಪೊಳ್ಳಿಲೂರಿನ ಯುದ್ಧದ ಚಿತ್ರವನ್ನು ಓಡುತ್ತ ನೋಡಿದೆವು, ನಿಮಿಷಾಂಬೆಗೆ ನಿಂಬೆಹಣ್ಣು ಕೊಟ್ಟೆವು, ಸಂಗಮದ ಹುಡುಗಿಯರು ಮುಖ ಊದಿಸಿಕೊಂಡರು.

ಪ್ರವಾಸಿಗಳಿಗೆ ಇಲ್ಲಿ ಏನು ತೋರಿಸಬೇಕೆಂಬ ಪಟ್ಟಿ ಹಳೆಯದು. ಕೋಟೆ ಬಿದ್ದ ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಬಂದು ಬೆಳೆ, ನೆಲ, ನೀರನ್ನೆಲ್ಲ ಬರೆದುಕೊಂಡ. ಜ್ವರದ ಕಾಟ ತಾಳದೆ ಇಂಗ್ಲಿಷರ ದಂಡು 1809ರಲ್ಲಿ ಬೆಂಗಳೂರಿಗೆ ಹೊರಟ ಮೇಲೆ ಊರು ಖಾಲಿಯಾಯಿತು. ಆದರೆ ನೋಡಲು ಬರುವ ದೊರೆಗಳು ನಿಲ್ಲಲಿಲ್ಲ. ಅವರಿಗೆ ಬೇಕಾದದ್ದು ತಮ್ಮವರು ನುಗ್ಗಿದ ಜಾಗ, ತಮ್ಮವರು ಸೆರೆಯಿದ್ದ ಜಾಗ, ಶತ್ರು ಬಿದ್ದ ಜಾಗ. 1907ರಲ್ಲಿ ಕೋಟೆ ಒಡೆದಲ್ಲಿ ಸ್ಮಾರಕ ಕಂಬವೂ ಎದ್ದಿತು. ನಮ್ಮ ಡ್ರೈವರು ಒಪ್ಪಿಸಿದ್ದರಲ್ಲಿ ಅರ್ಧ ಅದೇ ಪಟ್ಟಿ. ಅದರ ಮೇಲೆ ನಾವು ನಮ್ಮ ದೇವರುಗಳನ್ನು ಸೇರಿಸಿಕೊಂಡೆವು. ಬಯಲನ್ನು ಯಾರೂ ಸೇರಿಸಲಿಲ್ಲ.

ರಾತ್ರಿ ಕೂತು ಆ ಡೊಮಿನಿಕದ ವಿಷಯವನ್ನೂ ಓದಿದೆ. ಕೊಲಂಬಸ್ 1493ರ ನವೆಂಬರ್ 3ರಂದು ಅದನ್ನು ಕಂಡ. ಅಂದು ಭಾನುವಾರವಾಗಿತ್ತು, ಅದಕ್ಕೇ ಆ ಹೆಸರು. ಅಲ್ಲಿದ್ದ ಕಲಿನಾಗೊ ಜನರಿಗೆ ಅವರದೇ ಹೆಸರಿತ್ತು: ವೈತುಕುಬುಲಿ, ಎತ್ತರದ ಮೈಯವಳು ಎಂದು ಅರ್ಥವಂತೆ. ನೆಲವನ್ನು ಹೆಣ್ಣೆಂದು ಕರೆದ ಜನ! ಬೆಟ್ಟ ಕಾಡುಗಳೇ ತುಂಬಿದ ಆ ದ್ವೀಪಕ್ಕೂ ಇಂಗ್ಲಿಷರು ಫ್ರೆಂಚರು ಕಿತ್ತಾಡಿದರು. 1778ರಲ್ಲಿ ಫ್ರೆಂಚರು ಕಸಿದುಕೊಂಡರು. 1782ರ ಏಪ್ರಿಲಿನಲ್ಲಿ ಅದರ ಪಕ್ಕದ ಕಡಲಿನಲ್ಲಿ ಇಂಗ್ಲಿಷರ ನೌಕಾಪಡೆ ಫ್ರೆಂಚರನ್ನು ಸೋಲಿಸಿತು. ನಮ್ಮ ಲಕ್ಷ್ಮಮ್ಮಣ್ಣಿಯ ಒಪ್ಪಂದವಾದದ್ದೂ ಅದೇ 1782ರಲ್ಲಿ. 1783ರಲ್ಲಿ ಎರಡು ದೇಶಗಳೂ ಸಂಧಿ ಮಾಡಿಕೊಂಡವು. ಆ ಸಂಧಿಯಿಂದ ಡೊಮಿನಿಕ ಇಂಗ್ಲಿಷರಿಗೆ ಹಿಂದಿರುಗಿತು. ಅದೇ ಸಂಧಿಯ ಸುದ್ದಿ ಬಂದದ್ದರಿಂದ ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಸೈನಿಕರು ಹಿಂದೆ ಸರಿದರು; ಟಿಪ್ಪು 1784ರಲ್ಲಿ ಮಂಗಳೂರಿನ ಒಪ್ಪಂದಕ್ಕೆ ಬಂದ. ಎಲ್ಲಿಯ ಡೊಮಿನಿಕ, ಎಲ್ಲಿಯ ಶ್ರೀರಂಗಪಟ್ಟಣ! ಯುರೋಪಿನ ಒಂದು ಮೇಜಿನ ಮೇಲಿನ ಕಾಗದ ಎರಡು ದ್ವೀಪಗಳ ಹಣೆಬರಹವನ್ನೂ ಅಲ್ಲಾಡಿಸಿತು. ಎರಡೂ ಕಡೆಯ ಹೆಂಗಸರನ್ನು ಯಾರೂ ಕೇಳಲಿಲ್ಲ.

ಕಲಿನಾಗೊ ಜನರಿಗೆಂದು 1903ರಲ್ಲಿ ಇಂಗ್ಲಿಷರು ದ್ವೀಪದ ಪೂರ್ವದಂಡೆಯಲ್ಲಿ 3,700 ಎಕರೆ ಬಿಟ್ಟುಕೊಟ್ಟರು. ಇಡೀ ದ್ವೀಪ ಯಾರದಾಗಿತ್ತೋ ಅವರಿಗೆ ಅಷ್ಟು. ಅವರ ಸಂತತಿಯವರು ಇಂದೂ ಅಲ್ಲಿದ್ದಾರೆ. ಬೆತ್ತದಂಥ ಒಂದು ಜೊಂಡಿನಿಂದ ಬುಟ್ಟಿ ಹೆಣೆಯುತ್ತಾರೆ, ಮರಗೆಣಸಿನ ರೊಟ್ಟಿ ಸುಡುತ್ತಾರೆ.

ಬೆಳಿಗ್ಗೆ ಅಕ್ಕನ ಮಗಳಿಗೆ ಹೇಳಿದೆ: "ನೋಡಮ್ಮ, ಎಲ್ಲವನ್ನೂ ನೋಡ್ತೀನಿ ಅಂತ ಹೊರಟರೆ ಯಾವುದನ್ನೂ ನೋಡಲ್ಲ. ಮಕ್ಕಳೂ ಗಂಡನೂ ಜಲಪಾತ ನೋಡಿಕೊಂಡು ಬರಲಿ, ಅವರ ಆಸೆ ಯಾಕೆ ತಪ್ಪಿಸ್ತೀಯ? ನೀನು ಆ ಹಳೇ ಜನರ ಊರಿಗೆ ಹೋಗು. ತಿರುಗಿ ಬರೋ ಹೊತ್ತು ಎಷ್ಟಾಗುತ್ತೆ ಅಂತ ಮೊದಲೇ ಕೇಳಿಕೊ, ಹಡಗು ಯಾರಿಗೂ ಕಾಯಲ್ಲ. ಅಲ್ಲಿ ಹೆಂಗಸರು ಏನು ಮಾಡ್ತಾರೆ, ಏನು ಅಡುಗೆ, ಎಲ್ಲಿಂದ ನೀರು ತರ್ತಾರೆ, ನೋಡಿಕೊಂಡು ಬಾ."

"ಅಲ್ಲಿ ನೋಡೋಕೆ ಅಂಥದ್ದೇನೂ ಇಲ್ಲ ಅಂತಾರೆ ಚಿಕ್ಕಮ್ಮ."

"ಹಾಗಂತಾನೇ ನಮಗೂ ಅಂದಿದ್ರು" ಎಂದೆ.

ಸಂಜೆಗೆ ಒಂದು ಫೋಟೋ ಬಂತು. ಕೆಂಪು, ಕಪ್ಪು, ಬಿಳಿಯ ಪಟ್ಟೆಗಳ ಬುಟ್ಟಿ. ಹಿಂದೆ ಅದನ್ನು ಹೆಣೆದ ಮುದುಕಿಯ ಕೈ. ಮುಖ ತೆಗೆಯಬೇಡ ಎಂದಳಂತೆ. ಜಲಪಾತ ನೋಡಿ ಬಂದ ಮಕ್ಕಳು ಎರಡು ದಿನ ಅದನ್ನೇ ಹೇಳಿ ಅವಳನ್ನು ಉರಿಸಿದರಂತೆ. "ಆದರೂ ಪರವಾಗಿಲ್ಲ ಚಿಕ್ಕಮ್ಮ, ಆ ಅಜ್ಜಿ ನನ್ನ ಬಳೆ ಮುಟ್ಟಿ ನೋಡಿ, ಎಲ್ಲಿಯವಳು ಅಂತ ಕೇಳಿದಳು" ಎಂದು ಬರೆದಿದ್ದಳು.

ಫೋಟೋವನ್ನು ದೊಡ್ಡಮ್ಮನಿಗೆ ತೋರಿಸಬೇಕೆನಿಸಿತು. ಅವರಿಲ್ಲ. ನಾವು ಹೋಗಿ ಬಂದ ಮರುವರ್ಷ ತೀರಿಕೊಂಡರು. ಮಗ ಅಸ್ಥಿಯನ್ನು ಪಶ್ಚಿಮವಾಹಿನಿಗೇ ಒಯ್ದ. ಸೊಸೆ ಜೊತೆಗೆ ಹೋಗಿದ್ದಳು. ಬಂದವಳನ್ನು ನಾನು ಕೇಳಿದೆ, "ನೀನೆಲ್ಲಿದ್ದೆ, ದಂಡೆ ಮೇಲಾ?"

"ಇಲ್ಲ ಕಣಕ್ಕ. ಅವರೆಲ್ಲ ನೀರಿಗಿಳಿದಾಗ ನಾನು ಆಟೋ ಮಾಡ್ಕೊಂಡು ಆ ಬಯಲಿಗೆ ಹೋಗಿ ಬಂದೆ. ಅತ್ತೆ ಯಾವಾಗಲೂ ಹೇಳ್ತಿದ್ರಲ್ಲ."