ಊಟ ಬಿಟ್ಟ ಮಗಳು, ಬೈಸಿಕೊಂಡ ಅಮ್ಮ

ಹದಿನೈದರ ಹುಡುಗಿ ಊಟ ಬಿಟ್ಟು ಬಡಕಲಾದರೆ ಮೊದಲು ಬೈಸಿಕೊಳ್ಳೋದು ಅವಳಮ್ಮ. ಮುದ್ದು ಜಾಸ್ತಿಯಾಯ್ತು ಅಂತ ಕೆಲವರು, ಗದರಿದ್ದು ಜಾಸ್ತಿಯಾಯ್ತು ಅಂತ ಉಳಿದವರು. ಇದು ಬರೀ ನೆಂಟರಿಷ್ಟರ ಮಾತು ಅಂದ್ಕೋಬೇಡಿ. ಹೆಚ್ಚುಕಮ್ಮಿ ನೂರು ವರ್ಷ ಎಷ್ಟೋ ವೈದ್ಯರೂ ಮನೆಯವರ ಕಡೆಗೇ ಬೆರಳು ತೋರಿಸಿದ್ದರು.

ಕಾಯಿಲೆ ಹಳೆಯದು. 1689ರಲ್ಲೇ ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್, ಬೇರೆ ರೋಗವಿಲ್ಲದೆ ಊಟ ಬಿಟ್ಟು ಸೊರಗಿದ ಇಬ್ಬರ ಬಗ್ಗೆ ಬರೆದಿದ್ದ. ಒಬ್ಬಳು ಹದಿನೆಂಟಕ್ಕೆ ಕಾಯಿಲೆ ಬಿದ್ದ ಹುಡುಗಿ, ಅವಳು ಉಳಿಯಲಿಲ್ಲ. ಇನ್ನೊಬ್ಬ ಹದಿನಾರರ ಹುಡುಗ. ಇದು ಹುಡುಗಿಯರಿಗಷ್ಟೇ ಬರುತ್ತೆ ಅನ್ನೋದು ಅಂದೂ ಸುಳ್ಳೇ.

1873ರಲ್ಲಿ ಪ್ಯಾರಿಸ್ಸಿನ ಲಸೇಗ್, ಲಂಡನ್ನಿನ ವಿಲಿಯಂ ಗಲ್ ಬೇರೆಬೇರೆಯಾಗಿ ಇದನ್ನೇ ವಿವರಿಸಿದರು. ಗಲ್ ಇಟ್ಟ ಹೆಸರು 'ಅನೊರೆಕ್ಸಿಯಾ ನರ್ವೋಸಾ'. ಮನೆಯವರು ಮೊದಲು ಗೋಗರೆಯುತ್ತಾರೆ, ಆಮೇಲೆ ಹೆದರಿಸುತ್ತಾರೆ, ಎರಡರಿಂದಲೂ ಉಪಯೋಗವಾಗಲ್ಲ ಅಂತ ಲಸೇಗ್ ಗಮನಿಸಿದ್ದ. ಇಂಥ ರೋಗಿಯನ್ನು ನೋಡಿಕೊಳ್ಳೋಕೆ ಬಂಧುಗಳಷ್ಟು ಅಯೋಗ್ಯರು ಬೇರೆ ಇಲ್ಲ ಅನ್ನೋ ಅರ್ಥದ ಮಾತು ಗಲ್‌ನದು. 1880ರ ದಶಕದಲ್ಲಿ ಶಾರ್ಕೋ ಇನ್ನೂ ಮುಂದೆ ಹೋದ: ಮಗುವನ್ನು ತಂದೆತಾಯಿಯಿಂದ ದೂರ ಇಡೋದೇ ಮೊದಲ ಔಷಧಿ ಅಂದ.

ಆಸ್ಪತ್ರೆಯಲ್ಲಿ ತೂಕ ಏರುತ್ತಿತ್ತು, ನಿಜ. ಆದರೆ ಮನೆಗೆ ಬಂದ ಎಷ್ಟೋ ಮಕ್ಕಳ ತೂಕ ಮತ್ತೆ ಇಳಿಯುತ್ತಿತ್ತು. ಮನೆಯವರಿಗೆ ಏನು ಮಾಡಬೇಕು ಅಂತ ಯಾರೂ ಕಲಿಸಿರಲೇ ಇಲ್ಲವಲ್ಲ!

ಈ ನಡುವೆ, 1944-45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಯುದ್ಧಕ್ಕೆ ಹೋಗಲೊಪ್ಪದ 36 ಆರೋಗ್ಯವಂತ ಯುವಕರು ಆರು ತಿಂಗಳು ಅರೆಹೊಟ್ಟೆಯಲ್ಲಿರೋಕೆ ಒಪ್ಪಿಕೊಂಡರು. ದಿನ ಕಳೆದಂತೆ ಅವರಿಗೆ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಓದುವುದು, ತಟ್ಟೆ ಮುಂದೆ ಗಂಟೆಗಟ್ಟಲೆ ಕೂರುವುದು, ಸಿಡುಕು, ಖಿನ್ನತೆ, ಗೆಳೆಯರಿಂದ ದೂರ. ಇವರಿಗೆ ಅನೊರೆಕ್ಸಿಯಾ ಇರಲಿಲ್ಲ. ಹಸಿವಷ್ಟೇ ಇಷ್ಟೆಲ್ಲ ಮಾಡಿತ್ತು. ಅಂದರೆ, ನಾವು ಹಟ ಅಂದುಕೊಳ್ಳೋದರಲ್ಲಿ ಬಹುಪಾಲು ಉಪವಾಸ ಬಿದ್ದ ಮೆದುಳಿನ ಕೆಲಸ. ಆ ಸ್ಥಿತಿಯಲ್ಲಿರೋ ಮಗುವಿಗೆ ಬುದ್ಧಿ ಹೇಳಿ ಪ್ರಯೋಜನ ಕಡಿಮೆ. ಮೊದಲು ಹೊಟ್ಟೆಗೆ ಬೀಳಬೇಕು.

ಹಾಗಾದರೆ ದಿನಾ ಮೂರು ಹೊತ್ತು ಪಕ್ಕದಲ್ಲಿ ಕೂತು ಉಣ್ಣಿಸೋರು ಯಾರು? ಉತ್ತರ ಬಂದಿದ್ದು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಿಂದ. ಅಲ್ಲಿನ ರಸೆಲ್, ಡೇರ್, ಐಸ್ಲರ್ ಮುಂತಾದವರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ 80 ರೋಗಿಗಳಿದ್ದರು. ಕೆಲವರಿಗೆ ಒಬ್ಬೊಬ್ಬರಾಗಿ ಚಿಕಿತ್ಸೆ, ಉಳಿದವರಿಗೆ ಮನೆಯವರ ಜೊತೆಗೆ. ಹದಿಹರೆಯದಲ್ಲಿ ಶುರುವಾಗಿ ಮೂರು ವರ್ಷ ದಾಟದ ಕಾಯಿಲೆಯಲ್ಲಿ ಮನೆಯವರ ಜೊತೆಗಿನ ಚಿಕಿತ್ಸೆಯೇ ಗೆದ್ದಿತು. ಐದು ವರ್ಷದ ನಂತರ ನೋಡಿದಾಗಲೂ ಆ ಲಾಭ ಉಳಿದಿತ್ತು.

ಇದರ ಕ್ರಮ ಸರಳ, ಪಾಲಿಸೋದು ಕಷ್ಟ. ಕಾಯಿಲೆಗೆ ಯಾರನ್ನೂ ದೂರಬಾರದು. ಎಷ್ಟು ಬಡಿಸಬೇಕು ಅನ್ನೋದನ್ನ ಕೆಲಕಾಲ ಅಪ್ಪ-ಅಮ್ಮನೇ ನಿರ್ಧರಿಸ್ತಾರೆ, ವೈದ್ಯರು ಬೆನ್ನಿಗಿರ್ತಾರೆ. ತೂಕ ಸುಧಾರಿಸಿದಂತೆ ಆ ಅಧಿಕಾರ ಮಗುವಿಗೇ ವಾಪಸ್. ಅಕ್ಕ, ಅಣ್ಣಂದಿರಿಗೆ ಕಾವಲು ಕೆಲಸವಿಲ್ಲ. ಜೊತೆಗೆ ಕೂತು, ಸಿನಿಮಾನೋ ಕ್ರಿಕೆಟ್ಟೋ ಮಾತಾಡಿದರೆ ಸಾಕು. ಎಲ್ಲ ಮನೆಗೂ ಇದು ಒಗ್ಗುತ್ತೆ ಅಂತಲ್ಲ. ಹೊಡೆತ ಬಡಿತ ಇರೋ ಮನೆಗೆ ಬೇರೆ ದಾರಿಯೇ ಬೇಕು.

ನಮ್ಮಲ್ಲಿ ಅನೇಕರು ಈಗ ಆ ಅಕ್ಕ, ಅಣ್ಣ, ಚಿಕ್ಕಮ್ಮಂದಿರ ವಯಸ್ಸಿನವರು. ಮನೆಯ ಮಗು ಊಟಕ್ಕೆ ನೆಪ ಹೇಳ್ತಿದ್ದರೆ, ಉಂಡ ತಕ್ಷಣ ಬಚ್ಚಲಿಗೆ ಓಡ್ತಿದ್ದರೆ, ತಲೆ ಸುತ್ತಿ ಬೀಳ್ತಿದ್ದರೆ, ತಡಮಾಡದೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅಮ್ಮನನ್ನು ಮಾತ್ರ ಬೈಯಬೇಡಿ. ಮುಂದಿನ ಊಟಕ್ಕೂ ಆ ಮಗುವಿನ ಪಕ್ಕ ಕೂರಬೇಕಾದವಳು ಅವಳೇ.